ಒಂದೇ ಕೈಯಲ್ಲಿ ಎರಡು ಲೆಕ್ಕ

ಹಾಸನದ ಕಾಲೇಜಿನಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸಿದ ಮೇಡಂ ಸಂಗೀತಗಾರರ ಊರಾದ ರುದ್ರಪಟ್ಟಣದವರು. ಕಂಪ್ಯೂಟರ್ ಎಷ್ಟೇ ಸತಾಯಿಸಿದರೂ ಸಿಡುಕದೆ, ಬೆರಳೆಣಿಸುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಅವರವರ ಲೆಕ್ಕ ಅವರವರ ಕೈಲಿರ್ಲಿ ಕಣ್ರಪ್ಪ" ಎನ್ನುವುದು ಅವರ ನಿತ್ಯದ ಮಾತು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ನಾನೂ ಅರಕಲಗೂಡಿನ ಗೆಳೆಯನೂ ಸೇರಿ ಬರೆದ ಪ್ರೋಗ್ರಾಂ ಕೈಕೊಟ್ಟಿತು. ಅದರೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳಾದ ಎರಡು ಥ್ರೆಡ್‌ಗಳು ಅಂಕಿ ಇಡುವ ಒಂದೇ ವೇರಿಯಬಲ್‌ನಲ್ಲಿ ಎಣಿಸುತ್ತಾ ಒಂದರ ಲೆಕ್ಕವನ್ನು ಇನ್ನೊಂದು ಕೆಡಿಸುತ್ತಿದ್ದವು.

ಮೇಡಂ ತಮ್ಮ ಬಲಗೈ ಚಾಚಿದರು. "ಇಬ್ರೂ ನನ್ನ ಬೆರಳು ಮಡಿಸ್ತಾ ಎಣಿಸಿ. ಅವನು ಬೇಗ, ನೀನು ನಿಧಾನ."

ಎರಡೂ ಎಣಿಕೆ ಕಲಸುಮೇಲೋಗರವಾಗಿ ಲ್ಯಾಬಿಗೆ ಲ್ಯಾಬೇ ನಕ್ಕಿತು.

"ಈಗ ನಿಮ್ಮ ನಿಮ್ಮ ಕೈಲಿ ಎಣಿಸಿ. ಬೆರಳು ಅನ್ನೋ ಹೆಸ್ರು ಒಂದೇ, ಕೈ ಬೇರೆ."

ವೇರಿಯಬಲ್‌ನ ಹೆಸರಿಗೆ ಮೊದಲು 'ಥ್ರೆಡ್ ಲೋಕಲ್' ಎಂದು ಸೇರಿಸಿದೆವು. ಹೆಸರು ಅದೇ ಉಳಿದು, ಪ್ರತಿ ಥ್ರೆಡ್‌ಗೂ ತನ್ನದೇ ಲೆಕ್ಕ ಸಿಕ್ಕಿತು.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ, ಥ್ರೆಡ್ ಲೋಕಲ್ ಅಂದರೇನು ಎಂದು ಕೇಳಿದರು. ಗೆಳೆಯ ಬೆವರೊರೆಸಿಕೊಂಡು, "ಸಾ, ಒಸಿ ನಿಮ್ ಕೈ ಕೊಡ್ತೀರಾ?" ಎಂದ. ಅವರು ಅನುಮಾನಿಸುತ್ತಲೇ ಚಾಚಿದರು. ನಾವಿಬ್ಬರೂ ಅವರ ಬೆರಳು ಮಡಿಸಲು ಶುರುಮಾಡಿದೆವು.

ಬಾಗಿಲಲ್ಲಿ ತಾಳ ಹಾಕುತ್ತಾ ನಿಂತಿದ್ದ ಮೇಡಂ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ತಾಳ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.