ಹಿಮ ಕರಗಿದ ಗುಡ್ಡದಲ್ಲಿ ಸಿಕ್ಕ ತಾಳಿ

ನಾನು ಐದನೇ ಗ್ರೇಡಿನಲ್ಲಿದ್ದ ಆ ದಿನಗಳಲ್ಲಿ, ಅಂದರೆ ೨೦೧೭ರ ಸುಮಾರಿಗೆ, ಹಿಮ ಯಾವಾಗ ಕರಗುತ್ತದೆ ಎಂದು ಕಾಯುವುದೇ ನಮ್ಮ ಕೆಲಸ. ನಾವು ವಲಸೆ ಬಂದ ವಿಟ್ಬಿ ಪಟ್ಟಣದಲ್ಲಿ ನಮ್ಮದು ಬೇಸ್‌ಮೆಂಟಿನ ಮನೆ. ಅಪ್ಪ ವಾರವಿಡೀ ಗೋದಾಮಿನಲ್ಲಿ ದುಡಿದು, ಚಳಿಗಾಲದ ಶನಿವಾರ ಭಾನುವಾರ ಸ್ಕೀ ಗುಡ್ಡವೊಂದರಲ್ಲಿ ಜನರನ್ನು ತಂತಿಯಲ್ಲಿ ತೂಗುತ್ತ ಮೇಲೇರುವ ಲಿಫ್ಟಿನ ಕುರ್ಚಿಗೆ ಹತ್ತಿಸುತ್ತಿದ್ದರು. ಎಪ್ರಿಲಿನಲ್ಲಿ ಕೆಲಸದವರ ಮನೆಮಂದಿಯೂ ಹೋಗಿ ಗುಡ್ಡದ ಕಸ ಹೆಕ್ಕಬಹುದಿತ್ತು. ಸಿಕ್ಕಿದ ಫೋನು, ಪರ್ಸು ಆಫೀಸಿಗೆ, ಚಿಲ್ಲರೆ ಹೆಕ್ಕಿದವರಿಗೆ.

ಲಿಫ್ಟಿನ ತಂತಿಯ ಕೆಳಗೆ ನಮ್ಮ ಹುಡುಕಾಟ. ಮೇಲೆ ಕೂತವರು ಗ್ಲೌಸ್ ತೆಗೆಯುವಾಗ, ಫೋಟೋ ಹೊಡೆಯುವಾಗ ಉದುರಿಸಿದ್ದೆಲ್ಲ ಕೊಳೆತ ಹುಲ್ಲಿನ ಮೇಲೆ ಬಿದ್ದಿರುತ್ತಿತ್ತು. ಒದ್ದೆ ಮಣ್ಣು, ಗ್ರೀಸು, ಅಮ್ಮ ಬುತ್ತಿಗೆ ತಂದ ಒಗ್ಗರಣೆ ಅವಲಕ್ಕಿ, ಎಲ್ಲದರ ವಾಸನೆ ಒಟ್ಟಿಗೆ. ನಾಣ್ಯ ಕಂಡರೆ ತಮ್ಮ "ಮೈನ್! ಮೈನ್!" ಎಂದು ಕಿರುಚಿ ಕೆಸರಿಗೇ ಬೀಳುತ್ತಿದ್ದ. ಅಮ್ಮ ಮಾತ್ರ ಕಟ್ಟುನಿಟ್ಟು. ಹಿಂದಿನ ವರ್ಷ ನನಗೆ ಸಿಕ್ಕಿದ್ದ ಒಂಟಿ ಕಿವಿಯೋಲೆಯನ್ನೂ "ಬೇರೆಯವರ ಸೊತ್ತು ನಮಗೆ ಬೇಡ" ಎಂದು ಆಫೀಸಿಗೆ ಕೊಡಿಸಿದ್ದಳು.

ಆ ವರ್ಷ ಲಿಫ್ಟಿನ ಕಂಬವೊಂದರ ಬುಡದಲ್ಲಿ ನನಗೆ ಸಿಕ್ಕಿದ್ದು ಕರಿಮಣಿ ಸರ. ನಡುವೆ ಚಿನ್ನದ ಎರಡು ಪುಟ್ಟ ಬಟ್ಟಲು.

"ಅಮ್ಮಾ, ಲುಕ್! ನಿನ್ನ ಸರದ ಥರ ಉಂಟು!"

ಅಮ್ಮ ಗಾಬರಿಯಿಂದ ತನ್ನ ಕೊರಳು ಮುಟ್ಟಿ ನೋಡಿಕೊಂಡಳು. "ಅಯ್ಯೋ ದೇವರೇ, ತಾಳಿ! ಇದು ನಮ್ಮ ಕಡೆಯದ್ದಲ್ಲ, ಘಟ್ಟದ ಮೇಲಿನವರದ್ದು. ಶೈಲಜಾಂದೇ ಇರಬೇಕು ಮಾರಾಯ್ತಿ!"

ಧಾರವಾಡದ ಕಡೆಯ ಶೈಲಜಾ ಆಂಟಿ ಇದ್ದದ್ದು ಅರೋರಾದಲ್ಲಿ. ಅವರ ಗಂಡ ಮಹೇಶ್ ಅಂಕಲ್ ಅಪ್ಪನ ಜೀವದ ಗೆಳೆಯ. ಜನವರಿಯಲ್ಲಿ ಅಪ್ಪ ಕೊಟ್ಟ ಪಾಸಿನಲ್ಲಿ ಇಬ್ಬರೂ ಆ ಗುಡ್ಡಕ್ಕೆ ಬಂದಿದ್ದರು. ತಾಳಿ ಕಳೆದುಹೋಯಿತೆಂದು ಆಮೇಲೆ ದೊಡ್ಡ ಸುದ್ದಿಯಾಗಿತ್ತು. ಅಪ್ಪ ಆಫೀಸಿನಲ್ಲಿ ತೋರಿಸಿ, ಗುರುತಿನವರದ್ದೆಂದು ಹೇಳಿ ಅದನ್ನು ಮನೆಗೆ ತಂದರು.

ಮರುದಿನ ಮಧ್ಯಾಹ್ನ ಶೈಲಜಾ ಆಂಟಿ ಬಂದರು. ಅಮ್ಮ ಒಲೆಯ ಮೇಲೆ ಶ್ಯಾವಿಗೆ ಪಾಯಸ ಇಟ್ಟಿದ್ದಳು. ತೊಳೆದು ತಟ್ಟೆಯಲ್ಲಿಟ್ಟಿದ್ದ ಸರವನ್ನು ನಾನೇ ಹೆಮ್ಮೆಯಿಂದ ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ.

"ನಾ ಇದನ್ನ ಕಳಕೊಂಡಿಲ್ರೀ ಅಕ್ಕಾ. ಒಗದೇನಿ."

"ಎಂತ ಹೇಳ್ತಿದ್ದಿ ಶೈಲಜಾ?"

"ಲಿಫ್ಟಿನ್ಯಾಗ ಕುಂತಾಗ ನಮ್ಮನಿಯವರು ಫೋಟೋ ತೆಗೀತೇನಿ, ನಗು ಅಂದ್ರು. ಹಿಂದಿನ ದಿನಾನ ಈ ಬೆರಳು ಬಾಗಲಸಂದ್ಯಾಗ ಇಟ್ಟು ಒತ್ತಿದ್ರು. ನಕ್ಕೆ. ಅವರು ಆಕಡೆ ತಿರುಗಿದ ಕೂಡ್ಲೇ ಕೊರಳಾಗಿಂದ ಹರಕೊಂಡು ಒಗದೆ."

ಅವರು ಎತ್ತಿ ತೋರಿಸಿದ್ದು ಸೊಟ್ಟಗಾಗಿದ್ದ ಕಿರುಬೆರಳನ್ನು. ಸ್ಕೀ ಮಾಡುವಾಗ ಬಿದ್ದದ್ದೆಂದು ಎಲ್ಲರೂ ನಂಬಿದ್ದೆವು. ನನಗೆ ಸ್ಕೇಟಿನ ಲೇಸು ಕಟ್ಟಲು ಕಲಿಸಿದ್ದು ಅದೇ ಮಹೇಶ್ ಅಂಕಲ್.

ಅಷ್ಟರಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಕೈಯಲ್ಲಿ ಸೌಟು ಇದ್ದುದರಿಂದ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ತಾಳಿ ಸಿಕ್ತಂತಲ್ರೀ! ನಿಮ್ಮ ಮನೆಯವರು ಹೇಳಿದ್ರು. ಆಕೀ ಕೊರಳಿಗೆ ಹಾಕೇ ಕಳಸ್ರಿ," ಎಂದು ಮಹೇಶ್ ಅಂಕಲ್ ನಗುತ್ತಿದ್ದರು.

ಶೈಲಜಾ ಆಂಟಿ ಕುರ್ಚಿಯಿಂದ ಎದ್ದೇ ಬಿಟ್ಟರು. ಅಮ್ಮ ಅವರ ಬೆರಳನ್ನೇ ನೋಡಿದಳು.

"ಇಲ್ಲ ಮಹೇಶ್, ಇದು ಅವಳದ್ದಲ್ಲ. ಬೇರೆ ಯಾರದ್ದೋ. ನನಗೆ ಹುಷಾರಿಲ್ಲ, ಶೈಲಜಾ ಎರಡು ದಿನ ಇಲ್ಲೇ ಇರ್ತಾಳೆ."

ಒಂಟಿ ಕಿವಿಯೋಲೆಗೂ ನನ್ನನ್ನು ಆಫೀಸಿಗೆ ಓಡಿಸಿದ್ದ ಅಮ್ಮ! ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಕೇಳಿ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಪಾಯಸ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಅಮ್ಮ ಸರವನ್ನು ಆಂಟಿಯ ಅಂಗೈಗೆ ಹಾಕಿ, "ಕೊರಳಿಗೆ ಬೇಡ. ಚಿನ್ನ ನಿನ್ನದು, ಬ್ಯಾಗಿಗೆ ಹಾಕು" ಎಂದಳು. ಆಗ ಅವರು ಜೋರಾಗಿ ಅತ್ತರು.

ಎರಡು ದಿನ ಎಂದದ್ದು ಇಡೀ ಬೇಸಿಗೆಯಾಯಿತು. ಮಹೇಶ್ ಅಂಕಲ್ ಒಮ್ಮೆ ಬಾಗಿಲಿಗೆ ಬಂದಾಗ ಅಪ್ಪ ಮೆಟ್ಟಿಲಿಗೆ ಅಡ್ಡ ನಿಂತು, "ಅವಳು ಬರುವುದಿಲ್ಲ ಮಾರಾಯ, ಹೋಗು" ಎಂದರು. ಒಳಗೆ ಬಂದು ಮುಖ ಮುಚ್ಚಿಕೊಂಡು ಕೂತರು. ಆಂಟಿ ದೂರದ ಓಕ್‌ವಿಲ್‌ನಲ್ಲಿ ಕೋಣೆ ಹಿಡಿದು, ಡೇಕೇರಿನಲ್ಲಿ ಕೆಲಸಕ್ಕೆ ಸೇರಿದರು. ಈಗಲೂ ಚೆನ್ನಾಗಿದ್ದಾರೆ. ಆದರೆ ಸಂಸಾರ ಒಡೆದವರೆಂದು ನಮ್ಮನ್ನು ಹಬ್ಬಕ್ಕೆ ಕರೆಯುವವರು ಕಡಿಮೆಯಾದರು. ಮುಂದಿನ ಎಪ್ರಿಲಿಗೆ ಗುಡ್ಡಕ್ಕೆ ಹೋಗೋಣವೆಂದು ಯಾರೂ ಬಾಯಿ ಬಿಡಲಿಲ್ಲ.

ಮೊನ್ನೆ ಕಾಲೇಜಿಗೆ ಹೋಗುವಾಗ ರೈಲಿನ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ಕರಗುತ್ತಿದ್ದ ಹಿಮದ ನಡುವೆ ಒಂದು ಉಂಗುರ ಕಂಡಿತು. ಹತ್ತು ವರ್ಷದ ನಾನಾಗಿದ್ದರೆ ಸ್ಟೇಷನ್ನಿಗೇ ಕೇಳುವಂತೆ ಕೂಗಿ ಹೆಕ್ಕುತ್ತಿದ್ದೆ. ಬಗ್ಗಿದವಳು, ಕಳೆದುಹೋದದ್ದೋ ಬೇಕೆಂದೇ ಎಸೆದದ್ದೋ ಎಂದುಕೊಂಡು ಹಾಗೇ ನೆಟ್ಟಗಾಗಿ, ಸುತ್ತಲಿನ ಹೆಂಗಸರ ಕೈಗಳನ್ನೊಮ್ಮೆ ನೋಡಿದೆ. ರೈಲು ಬಂತು. ಅದನ್ನು ಅಲ್ಲೇ ಬಿಟ್ಟು ಹತ್ತಿದೆ.