ಅಕ್ಕನ ಕುದುರೆ, ನನ್ನ ಪುಡಿ

ಸಂಭಾಜಿನಗರದ ಹೊರಗಿನ ಶೇಂದ್ರಾದ ಒಂದು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ನನ್ನ ಕೆಲಸ. ರೇಸು, ಜಿಗಿತ, ದೂರದ ಓಟ ಅಂತ ಮೈಮುರಿದು ದುಡಿಯುವ ಕುದುರೆಗಳಿಗೆ ಮೇವಿನ ಜೊತೆ ಕೊಡುವ ಪುಡಿ, ಪೇಸ್ಟುಗಳನ್ನು ಅಲ್ಲಿ ತಯಾರಿಸುತ್ತಾರೆ. ಬೆವರಿನಲ್ಲಿ ಹೋದ ಲವಣ ತುಂಬಿಕೊಡಲು ಒಂದು, ಗೊರಸು ಗಟ್ಟಿಯಾಗಲು ಇನ್ನೊಂದು, ಸ್ನಾಯುಗಳ ದಣಿವಿಗೆ ಮತ್ತೊಂದು. ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯ ಒಳಗೂ ಇದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಕುದುರೆಯ ಹೊಟ್ಟೆಗೆ ಹೋಗುವುದನ್ನು ಇಷ್ಟು ವರ್ಷ ತೂಗುತ್ತ ಬಂದರೂ ಕುದುರೆಯ ಮೈಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಕ್ಕ ಕುದುರೆ ಹತ್ತುವವರೆಗೆ ಅದೊಂದು ಕೊರತೆ ಅಂತಲೂ ನನಗೆ ಅನಿಸಿರಲಿಲ್ಲ.

ಅಕ್ಕ ಇರುವುದು ನಾಸಿಕದಲ್ಲಿ. ಭಾವ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಮಕ್ಕಳು ದೊಡ್ಡವರಾಗಿ ಹಗಲೆಲ್ಲ ಖಾಲಿ ಆದಮೇಲೆ ಪಕ್ಕದ ಮನೆಯವಳ ಜೊತೆ ಸುಮ್ಮನೆ ನೋಡಲೆಂದು ಊರಾಚೆಯ ಒಂದು ಕುದುರೆ ಲಾಯಕ್ಕೆ ಹೋದಳಂತೆ. ಪಕ್ಕದ ಮನೆಯವಳು ವಾರದಲ್ಲಿ ಬಿಟ್ಟಳು, ಅಕ್ಕ ಬಿಡಲಿಲ್ಲ. ನಲವತ್ತು ದಾಟಿದ ಹೆಂಗಸು, ನಮ್ಮ ತವರು ಕಲಬುರಗಿಯಲ್ಲಿ ಸೈಕಲ್ ಹತ್ತಲೂ ಹೆದರುತ್ತಿದ್ದವಳು, ಕಲ್ಲು ಮಣ್ಣಿನ ದಾರಿಯಲ್ಲಿ ಗಂಟೆಗಟ್ಟಲೆ ಸವಾರಿ ಮಾಡುವ ದೂರದ ಓಟದ ಸ್ಪರ್ಧೆಗೆ ಇಳಿದಳು.

ನಮ್ಮ ಮನೆಯಲ್ಲಿ ಜಾಣೆ ಎನಿಸಿಕೊಂಡವಳು ನಾನು. ಬಂದವರ ಮುಂದೆ ಅವ್ವ ಹೇಳುತ್ತಿದ್ದದ್ದು ನನ್ನ ಮಾರ್ಕುಗಳನ್ನು. ಅಕ್ಕ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಈಗ ಅವ್ವ ಫೋನ್ ಮಾಡಿದರೆ ಮೊದಲ ಮಾತು, "ನಿಮ್ಮಕ್ಕ ಕುದುರಿ ಮ್ಯಾಲ ಕುಂತಿದ್ದು ಫೋಟೋ ನೋಡ್ದೇನು? ಏನ್ ಛಂದ ಕಾಣ್ತಾಳ!"

"ನೋಡ್ದೆ," ಅನ್ನುತ್ತಿದ್ದೆ.

"ನಿನ್ನ ಡ್ಯೂಟಿ ಹ್ಯಾಂಗದ?" ಅಂತ ಆಮೇಲೆ ಕೇಳುತ್ತಿದ್ದಳು, ಮನೆಗೆ ಬಂದವರ ಆರೋಗ್ಯ ವಿಚಾರಿಸುವ ಹಾಗೆ.

ಹೋದ ಚಳಿಗಾಲಕ್ಕೆ ಮುಂಚೆ ಅಕ್ಕನ ಫೋನ್ ಬಂತು. ತಾನು ಸವಾರಿ ಮಾಡುವ ಕುದುರೆ ಸೊರಗುತ್ತಿದೆ, ಕೆಲಸ ಮಾಡಿ ಬಂದಮೇಲೆ ಮೇವು ಮೂಸಿ ಬಿಡುತ್ತದೆ, ಮೈಗೆ ಹೊಳಪಿಲ್ಲ. "ಲಾಯದಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರವ್ವ. ನೀ ಒಮ್ಮಿ ಬಂದು ನೋಡು. ನಿನಗ ಗೊತ್ತಿದ್ದಷ್ಟು ಇಲ್ಲಿ ಯಾರಿಗಿ ಗೊತ್ತದ?" ಅಂದಳು. ಆ ಮಾತು ಕೇಳಿ ನನಗಾದ ಸಂತೋಷ ಕುದುರೆಯ ಕಾಯಿಲೆಗೆ ಹೊಂದುವಂಥದ್ದಾಗಿರಲಿಲ್ಲ. ಎರಡು ದಿನ ರಜೆ ಹಾಕಿ ನಾಸಿಕದ ಬಸ್ಸು ಹತ್ತಿದೆ. ದಾರಿ ನಡುವಿನ ವೈಜಾಪುರ ದಾಟುವವರೆಗೂ ಮನಸ್ಸಿನಲ್ಲೇ ಅಕ್ಕನಿಗೆ ಪಾಠ ಹೇಳುತ್ತಿದ್ದೆ.

ಲಾಯದಲ್ಲಿ ಕಂಡ ಅಕ್ಕನನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಹೊಟ್ಟೆ ಕರಗಿತ್ತು, ಬೆನ್ನು ನೆಟ್ಟಗಾಗಿತ್ತು, ಮುಖ ಬಿಸಿಲಿಗೆ ಕಂದಿದ್ದರೂ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ಕುದುರೆ ಕೆಂಪು ಬಣ್ಣದ ಹೆಣ್ಣು, ಮಾರವಾಡಿ ತಳಿಯದ್ದು, ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಅಕ್ಕ ಹತ್ತಿರ ಹೋದದ್ದೇ ಅದು ಗದ್ದವನ್ನು ಅವಳ ಭುಜದ ಮೇಲಿಟ್ಟು ಕಣ್ಣು ಮುಚ್ಚಿತು. ನಾನು ಕೈ ಚಾಚಿದೆ. ಅದು ತಲೆ ಎತ್ತಿ ಹಿಂದೆ ಸರಿಯಿತು.

"ಹೊಸಬರಿಗಿ ಹಂಗೇ ಮಾಡ್ತದ," ಅಂದು ಅಕ್ಕ ನಕ್ಕಳು.

ಮೇವಿನ ಕೋಣೆಯ ಹಲಗೆಯ ಮೇಲೆ ಡಬ್ಬಿಗಳು ಸಾಲಾಗಿದ್ದವು. ಅದರಲ್ಲಿ ನಮ್ಮ ಕಾರ್ಖಾನೆಯದ್ದೂ ಇತ್ತು. ಅಕ್ಕ ಎಲ್ಲವನ್ನೂ ಕೊಡುತ್ತಿದ್ದಳು, ಬೆಳಗ್ಗೆ ಕೆಲವು, ಸಂಜೆ ಕೆಲವು. ನಾನು ಒಂದೊಂದೇ ತಿರುಗಿಸಿ ಓದಿದೆ. ಮೂರು ಡಬ್ಬಿಗಳಲ್ಲಿ ಸೆಲೆನಿಯಂ ಎಂಬ ಖನಿಜ ಇತ್ತು. ಅದು ಕಣದಷ್ಟು ಬೇಕು, ಹೆಚ್ಚಾದರೆ ವಿಷ; ಕುದುರೆಯ ಬಾಲದ ಕೂದಲು ಉದುರುತ್ತದೆ, ಗೊರಸು ಸೀಳುತ್ತದೆ.

"ಅಕ್ಕ, ಇವು ಮೂರೂ ಒಂದೇ. ಎರಡು ಇವತ್ತೇ ಬಂದ್ ಮಾಡು," ಅಂದೆ. "ಕುದುರಿಗಿ ಮೊದಲು ಒಳ್ಳೆ ಹುಲ್ಲು, ನೀರು, ಉಪ್ಪು. ಮೈ ತುಂಬಲಿಕ್ಕ ಬೇಯಿಸಿದ ಅಗಸಿ, ಸ್ವಲ್ಪ ಎಣ್ಣಿ ಹಾಕು. ಭಾಳ ಬೆವತ ದಿನ ಮಾತ್ರ ಲವಣದ ಪುಡಿ, ಅದೂ ನೀರು ಕುಡಿದ ಮ್ಯಾಲ. ಉಳಿದದ್ದೆಲ್ಲ ಆಮೇಲೆ."

"ಹೌದ? ನಮ್ಮ ಡಾಕ್ಟರಮ್ಮನೂ ಮೊನ್ನಿ ಇದೇ ಹೇಳಿದಳು," ಅಂದಳು ಅಕ್ಕ. "ನಿನ್ನೂ ಒಂದು ಮಾತು ಕೇಳಿ ಮಾಡೋಣ ಅಂತ ತಡದಿದ್ದೆ."

ಅಷ್ಟರಲ್ಲಿ ಆ ಡಾಕ್ಟರೇ ಬಂದಳು. ಕುದುರೆಗಳ ವೈದ್ಯೆ, ನನಗಿಂತ ನಾಕಾರು ವರ್ಷ ಚಿಕ್ಕವಳು, ಮರಾಠಿಯವಳು. ದೂರದಿಂದಲೇ "ತಾಯಿ!" ಅಂತ ಕೂಗಿದಳು. ನಮ್ಮಲ್ಲಿ ತಾಯಿ ಎಂದರೆ ಹೆತ್ತವಳು, ಮರಾಠಿಯಲ್ಲಿ ಅದು ಅಕ್ಕ. ಇದು ನನಗೆ ಗೊತ್ತಿದ್ದ ಮಾತೇ, ಸಂಭಾಜಿನಗರದ ತರಕಾರಿ ಅಂಗಡಿಯಲ್ಲಿ ನನ್ನನ್ನೂ ಹಾಗೆ ಕರೆಯುತ್ತಾರೆ. ಆದರೆ ಅವಳು ಕೂಗಿದ್ದಕ್ಕೆ ಅಕ್ಕ ತಿರುಗಿದ ರೀತಿ ಬೇರೆ ಇತ್ತು. ಚಿಕ್ಕಂದಿನಲ್ಲಿ ನಾನು ಶಾಲೆಯಿಂದ ಬಂದು ಕೂಗಿದರೆ ಅಡುಗೆ ಮನೆಯಿಂದ ಹಾಗೆ ತಿರುಗುತ್ತಿದ್ದಳು.

"ನನ್ನ ತಂಗಿ ಇದ್ದಂಗ ನೋಡು," ಅಂದಳು ಅಕ್ಕ, ನನಗೇ ಅವಳನ್ನು ಪರಿಚಯಿಸುತ್ತ.

ಡಾಕ್ಟರು ಕುದುರೆಯ ತುಟಿ ಎತ್ತಿ ಒಸಡು ನೋಡಿದಳು, ಹೊಟ್ಟೆಗೆ ಕಿವಿ ಇಟ್ಟಳು. ಕುದುರೆ ಅವಳಿಂದ ಹಿಂದೆ ಸರಿಯಲಿಲ್ಲ. ನನ್ನ ಕೆಲಸ ತಿಳಿದು ಖುಷಿಯಿಂದ ಏನೇನೋ ಕೇಳಿದಳು. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಅವಳಲ್ಲಿ ದೋಷ ಹುಡುಕಿ ಹುಡುಕಿ ಸೋತೆ. ಎರಡು ದಿನ ಇರಲು ಬಂದವಳು ಮರುದಿನ ಬೆಳಗಿನ ಬಸ್ಸಿಗೇ ಹೊರಟೆ. ಅಕ್ಕನ ಮಗಳು "ಮಾವ್ಶಿ, ಇತಕ್ಯಾ ಲವಕರ್?" ಅಂತ ಕೇಳಿದಳು, ಚಿಕ್ಕಮ್ಮ, ಇಷ್ಟು ಬೇಗ ಯಾಕೆ ಅಂತ. ಆಫೀಸಿನ ಕೆಲಸ ಬಂತು ಅಂದೆ.

ಡಬ್ಬಿಗಳು ಕಡಿಮೆಯಾದವು, ಕುದುರೆ ಚೇತರಿಸಿಕೊಂಡಿತು. ಅವ್ವ ಫೋನಿನಲ್ಲಿ ಹೇಳಿದಳು, "ಆ ಡಾಕ್ಟರಮ್ಮನ ಕೈಗುಣ ಛಲೋ ಅದ ಅಂತ." ನಾನು ಅನ್ನ ಒಲೆಯ ಮೇಲಿದೆ ಅಂತ ಫೋನ್ ಇಟ್ಟೆ.

ಚಳಿ ಮುಗಿಯುವ ಹೊತ್ತಿಗೆ ಓಟದ ಸ್ಪರ್ಧೆ ನಮ್ಮ ಸಂಭಾಜಿನಗರದ ಹೊರಗೇ ನಡೆಯಿತು. ಅಕ್ಕ ಮನೆಗೆ ಬಂದು ಇಳಿಯುತ್ತಾಳೆ ಅಂತ ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಕುದುರೆಯ ಹತ್ತಿರವೇ ಇರಬೇಕು ಅಂತ ಅವಳು ಮೈದಾನದ ಡೇರೆಯಲ್ಲೇ ಉಳಿದಳು. ಬೇಕಾದೀತು ಅಂತ ನಮ್ಮ ಲವಣದ ಪೇಸ್ಟಿನ ಟ್ಯೂಬುಗಳನ್ನು ತರಲು ಹೇಳಿದ್ದಳು. ತೆಗೆದುಕೊಂಡು ಬೆಳಿಗ್ಗೆಯೇ ಹೋದೆ. ಆ ಡಾಕ್ಟರು ಅಂದು ಸ್ಪರ್ಧೆಯ ಪರೀಕ್ಷಕರಲ್ಲಿ ಒಬ್ಬಳು, ಯಾವ ಸವಾರರಿಗೂ ಸಲಹೆ ಕೊಡುವ ಹಾಗಿಲ್ಲ ಅಂತ ಗೊತ್ತಾದಾಗ ನನಗೆ ಹಿತವಾಯಿತು. ಬಕೆಟ್ಟು, ಸ್ಪಂಜು ಹಿಡಿದು ಅಕ್ಕನ ಜೊತೆ ನಿಲ್ಲುವ ಜಾಗ ಅಂದು ನನ್ನದು.

ಅರ್ಧ ದಾರಿ ಮುಗಿಸಿ ಬಂದ ಕುದುರೆಗಳನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಅಕ್ಕನ ಕುದುರೆಯ ಎದೆಬಡಿತ ಸರಿ ಇತ್ತು. ಆದರೆ ಕತ್ತಿನ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತಿತ್ತು, ಹೊಟ್ಟೆಯಲ್ಲಿ ಸದ್ದು ಕಡಿಮೆ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೋರಿಸಿ ಅಂದರು. ನೆರಳಿಗೆ ಕರೆದುಕೊಂಡು ಬಂದು ನೀರಿಟ್ಟೆವು. ಅದು ಮೂತಿ ಒದ್ದೆ ಮಾಡಿಕೊಂಡು ತಿರುಗಿಕೊಂಡಿತು.

"ಟ್ಯೂಬ್ ತೆಗಿ," ಅಂದಳು ಅಕ್ಕ. "ಒಂದು ಪೂರಾ ಹಾಕಿಬಿಡೋಣ. ಜೀವ ಬರ್ತದ."

"ಬ್ಯಾಡ ಅಕ್ಕ. ಮೈಯಾಗ ನೀರೇ ಇಲ್ಲ. ಈಗ ಬರೇ ಉಪ್ಪು ಹೊಟ್ಟಿಗಿ ಹೋದ್ರ, ಇದ್ದ ನೀರನ್ನೂ ಅದೇ ಎಳಕೊಳ್ತದ. ಕುಡೀಲಾರದ ಕುದುರಿಗಿ ಕೊಡಬಾರದು."

"ನಿಮ್ಮ ಕಾರ್ಖಾನಿದೇ ಅಲ್ಲ ಇದು? ನೀನೇ ಮಾಡಿದ್ದು?"

"ಅದಕ್ಕೇ ಹೇಳ್ಲತ್ತೀನಿ."

ಅಕ್ಕ ನನ್ನ ಚೀಲಕ್ಕೆ ಕೈ ಹಾಕಿದಳು. ನಾನು ಚೀಲವನ್ನು ಎದೆಗೆ ಅವಚಿಕೊಂಡೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು, "ನಿನಗ ಹೊಟ್ಟಿಕಿಚ್ಚು. ನಾ ಓಟ ಮುಗಿಸೋದು ನಿನಗ ನೋಡ್ಲಿಕ್ಕ ಆಗಲ್ದು. ನಾಸಿಕಕ್ಕ ಬಂದಾಗೇ ನನಗ ತಿಳೀತು."

ಹೊಟ್ಟೆಕಿಚ್ಚು ಇತ್ತು. ಪೇಸ್ಟು ಕೊಡಬಾರದು ಅನ್ನುವುದೂ ಅಷ್ಟೇ ನಿಜವಿತ್ತು. ಎರಡನ್ನೂ ಬಿಡಿಸಿ ಹೇಳುವುದು ಹೇಗೆ ಅಂತ ತಿಳಿಯದೆ, "ಇರಬಹುದು. ಆದ್ರೂ ಕೊಡಂಗಿಲ್ಲ," ಅಂದೆ. ಚೀಲ ಬಿಡಲಿಲ್ಲ.

ಎರಡನೆಯ ಸಲ ಕುದುರೆಯನ್ನು ನೋಡಿದ್ದು ಆ ಡಾಕ್ಟರೇ. ತುಂಬ ಹೊತ್ತು ಹೊಟ್ಟೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, ಸಾಕು, ಇಲ್ಲಿಗೇ ನಿಲ್ಲಿಸಿ ಅಂದಳು. ಅಕ್ಕನ ಮುಖ ಇಳಿದುಹೋಯಿತು. ಒಂದು ಗಳಿಗೆ ನನ್ನೊಳಗೆ ಏನೋ ತಣ್ಣಗಾಯಿತು. ಆ ತಂಪು ನನಗೇ ಅಸಹ್ಯ ಹುಟ್ಟಿಸಿತು, ಆದರೂ ಅದು ಆದದ್ದು ಹೌದು.

ಡಾಕ್ಟರು ಕೇಳಿದಳು, "ತಾಯಿ, ತೋಂಡಾತೂನ್ ಕಾಹೀ ದಿಲಂ ನಾಹೀ ನಾ?" ಬಾಯಿಂದ ಏನೂ ಕೊಟ್ಟಿಲ್ಲ ತಾನೆ ಅಂತ.

"ನಾಹೀ," ಅಂದಳು ಅಕ್ಕ. "ಮೀಚ್ ನಕೋ ಮ್ಹಟಲಂ." ನಾನೇ ಬೇಡ ಅಂದೆ ಅಂತ.

"ಬರಂ ಕೇಲಂ," ಒಳ್ಳೆಯದು ಮಾಡಿದಿರಿ, ಕೊಟ್ಟಿದ್ದರೆ ಹೊಟ್ಟೆಶೂಲೆಗೆ ಹೋಗುತ್ತಿತ್ತು ಅಂದು ಡಾಕ್ಟರು ಅಕ್ಕನ ಬೆನ್ನು ತಟ್ಟಿದಳು. ನಾನು ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

ಕುದುರೆಗೆ ನರಕ್ಕೆ ಸಲೈನ್ ಹಾಕಿದರು. ಅದು ಮುಗಿದಮೇಲೆ ಅಕ್ಕ ಬಟ್ಟೆ ಬದಲಿಸಲು ಡೇರೆಗೆ ಹೋದಳು, ಹಗ್ಗ ನನ್ನ ಕೈಗೆ ಬಂತು. ಸುತ್ತ ಯಾರೂ ಇರಲಿಲ್ಲ. ಕುದುರೆ ತಲೆ ಇಳಿಸಿ ನಿಂತಿತ್ತು. ಬೇರೆ ನೀರು ತಂದು ಬಕೆಟ್ಟನ್ನು ಮೊಣಕಾಲ ಮೇಲೆ ಆನಿಸಿ ಹಿಡಿದೆ. ಬಹಳ ಹೊತ್ತು ಅದು ಸುಮ್ಮನೆ ಇತ್ತು. ಆಮೇಲೆ ಮೂತಿ ಒಳಗೆ ಹಾಕಿ ಕುಡಿಯತೊಡಗಿತು. ಗುಟುಕು ಗುಟುಕಾಗಿ ನೀರು ಗಂಟಲಲ್ಲಿ ಏರಿ ಹೋಗುವುದು ಕಾಣುತ್ತಿತ್ತು. ಬಕೆಟ್ಟು ಖಾಲಿ ಮಾಡಿ ಒದ್ದೆ ಮೂತಿಯನ್ನು ನನ್ನ ತೋಳಿಗೆ ಒರೆಸಿತು. ಕತ್ತನ್ನು ಮುಟ್ಟಿದೆ. ಚರ್ಮ ಬೆಚ್ಚಗಿತ್ತು, ಬೆವರು ಒಣಗಿ ಉಪ್ಪಿನ ಗೆರೆಗಳು ಮೂಡಿದ್ದವು. ಅಕ್ಕ ಬರುವುದು ತಡವಾಗಲಿ ಅಂದುಕೊಂಡೆ.

ಅವಳು ಬಂದು ಖಾಲಿ ಬಕೆಟ್ಟು ನೋಡಿದಳು. "ಕುಡೀತೇನು?"

"ಕುಡೀತು."

ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತಳು. "ಆಕಿ ಮುಂದ ಸುಳ್ಳು ಹೇಳ್ದೆ. ನೀ ಯಾಕ ಸುಮ್ಮನಿದ್ದಿ?"

"ಆಕಿ ನಿನ್ನ ಬೆನ್ನು ತಟ್ಟಿದಳಲ್ಲ. ಇನ್ನೇನು ಹೇಳ್ಲಿ?"

ಅಕ್ಕ ಕುದುರೆಯ ಕಾಲಿನ ಪಟ್ಟಿ ಬಿಚ್ಚಿ ಸುತ್ತಿಟ್ಟಳು. "ಆಕಿಗಿ ಖರೇ ಹೇಳ್ತೀನಿ," ಅಂದಳು ಕೊನೆಗೆ. "ನಾಳಿ ಕುದುರಿ ಗಾಡಿ ಹತ್ತಿಸಿ ಊಟಕ್ಕ ನಿಮ್ಮನೀಗಿ ಬರ್ತೀನಿ. ಆಕಿನ್ನೂ ಕರ್ಕೊಂಡು ಬರ್ಲೇನು?"

"ಬ್ಯಾಡ," ಅಂದೆ.

ಅಕ್ಕ ತಲೆ ಎತ್ತಿ ನನ್ನನ್ನು ದಿಟ್ಟಿಸಿದಳು, ಆಮೇಲೆ ಸೆರಗಿಲ್ಲದ್ದಕ್ಕೆ ಬಾಯಿಗೆ ಬರಿ ಕೈ ಅಡ್ಡ ಹಿಡಿದು ನಗತೊಡಗಿದಳು. ನಾನು ನಗಲಿಲ್ಲ. ಮರುದಿನ ಒಬ್ಬಳೇ ಬಂದಳು. ರೊಟ್ಟಿ, ಪುಂಡಿಪಲ್ಯ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡು ತಿಂದು, ಬಿಸಿಲಿಗೆ ಹಾಕಿದ್ದ ಹಾಸಿಗೆಯ ಮೇಲೆ ಸಂಜೆಯವರೆಗೆ ಮಲಗಿದಳು. ಡಾಕ್ಟರಿಗೆ ನಿಜ ಹೇಳಿದಳೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.