ದವಾಖಾನೆಯ ಬೋಣಿಗೆ

ನಾನು ಚಿಕ್ಕವನಿದ್ದಾಗ, ಅಂದರೆ ಎಂಟು ವರ್ಷದ ಹಿಂದೆ, ನಮ್ಮೂರಲ್ಲಿ ದವಾಖಾನೆ ಇರಲಿಲ್ಲ. ನನಗೀಗ ಹದಿನಾರು. ಆರು ವರ್ಷದ ನನ್ನ ತಮ್ಮನಿಗೂ ಅವನ ಗೆಳೆಯರಿಗೂ ನಾನು ಅಜ್ಜನೇ ಸರಿ. ಹಾಗಾಗಿ ಅಜ್ಜನ ಹಾಗೆಯೇ ಹೇಳುತ್ತೇನೆ, ಸುಮ್ಮನೆ ಕೇಳಿ.

ಆಗ ಜ್ವರ ಬಂದರೆ ಗಜೇಂದ್ರಗಡಕ್ಕೆ ಹೋಗಬೇಕಿತ್ತು. ಬಸ್ಸು ಬರುವಷ್ಟರಲ್ಲಿ ಅರ್ಧ ಜ್ವರ ಇಳಿದಿರುತ್ತಿತ್ತು. ಉಳಿದರ್ಧ ಬಸ್ಸಿನ ಕುಲುಕಾಟಕ್ಕೆ ಹೆದರಿ ಓಡುತ್ತಿತ್ತು. ನಮ್ಮ ಪಾಡು ನೋಡಿ ದಾನಧರ್ಮದ ಸಂಸ್ಥೆಯೊಂದು ಶಾಲೆಯ ಪಕ್ಕ ಎರಡು ಕೋಣೆಯ ದವಾಖಾನೆ ಕಟ್ಟಿಸಿತು. ಊರವರೇ ಕಲ್ಲು ಹೊತ್ತರು. ಹಸಿ ಸುಣ್ಣ, ಸ್ಪಿರಿಟ್ಟು ಎರಡರ ವಾಸನೆ ಸೇರಿ ಬಾಗಿಲಲ್ಲೇ ಮೂಗು ಚುರುಗುಟ್ಟುತ್ತಿತ್ತು. ಡಾಕ್ಟರಬಾಯಿಯೂ ಬಂದು ಕುಳಿತರು. ಔಷಧ ಪುಕ್ಕಟೆ. ಆದರೂ ಒಬ್ಬರೂ ಒಳಗೆ ಹೋಗಲಿಲ್ಲ.

ಕಾರಣ, ಬೋಣಿಗೆ. ಅಂಗಡಿಯಲ್ಲಿ ದಿನದ ಮೊದಲ ವ್ಯಾಪಾರ ಒಳ್ಳೆಯ ಕೈಗುಣದವರಿಂದ ಆಗಬೇಕಲ್ಲ? ದವಾಖಾನೆಗೂ ಹಾಗೇ ಆಗಲಿ ಎಂದು ಹಿರಿಯರು ತೀರ್ಮಾನಿಸಿದರು. ಊರಿಗೆಲ್ಲ ಒಳ್ಳೆಯ ಕೈಗುಣ ಗೌಡಜ್ಜನದು. ಅವನು ಬಿತ್ತಿದ ಜೋಳ ಬಂಡೆಯ ಮೇಲೂ ಮೊಳೆಯುತ್ತಿತ್ತು. ತೊಂದರೆ ಒಂದೇ: ಎಪ್ಪತ್ತು ವರ್ಷದಲ್ಲಿ ಗೌಡಜ್ಜ ಒಂದು ಸಲವೂ ಸೀನಿರಲಿಲ್ಲ.

ಬೆಳಗಾದರೆ ಜನ ಅವನ ಮನೆಯ ಕಟ್ಟೆಗೆ ಹೋಗಿ ಆಸೆಯಿಂದ ಕೇಳುತ್ತಿದ್ದರು.

“ಅಜ್ಜಾರ, ಇವತ್ತರ ಥಂಡಿ ಹತ್ತೇತೇನ್ರಿ?”

“ಎಲ್ಲೀದೋ! ಈಗರ ಐದು ರೊಟ್ಟಿ ತಿಂದೀನಿ.”

“ಹೊಟ್ಟಿಯರ ನೋಯಾಕತ್ತೇತೇನ್ರಿ?”

“ಇಲ್ಲೋ, ಆರನೇದು ಬೇಡಾಕತ್ತೇತಿ.”

ಜನ ಕೆಮ್ಮುತ್ತ, ಕುಂಟುತ್ತ, ನಿರಾಸೆಯಿಂದ ಮನೆಗೆ ಮರಳುತ್ತಿದ್ದರು.

ಆ ವಾರವೇ ಅಕ್ಕನ ಕೈ ಕೆಟ್ಟಿತು. ನಮ್ಮದು ಕೈಮಗ್ಗದ ಮನೆ. ಅಪ್ಪ ಸೀರೆ ನೇಯುತ್ತಿದ್ದ, ಅಕ್ಕ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಿದ್ದಳು. ರಾಟೆಯ ತುಕ್ಕು ಹಿಡಿದ ಮೊನೆ ಅವಳ ಅಂಗೈಗೆ ಚುಚ್ಚಿತು. ಅರಿಸಿನ ಹಚ್ಚಿದರೂ ಮೂರನೇ ದಿನಕ್ಕೆ ಕೈಗೆ ಬದನೆಕಾಯಿಯ ಬಣ್ಣ, ಕುಂಬಳಕಾಯಿಯ ಗಾತ್ರ ಬಂತು. ರಾಟೆ ನಿಂತಿತು. ನೂಲಿಲ್ಲದೆ ಮಗ್ಗವೂ ನಿಂತಿತು.

ಆದರೆ ಅಕ್ಕನ ಕೈಗುಣ ಊರಲ್ಲೇ ಕೆಟ್ಟದ್ದೆಂದು ಹೆಸರಾಗಿತ್ತು. ಅವಳು ಮೊದಲ ಮಿರ್ಚಿ ಕೊಂಡ ದಿನ ಮಿರ್ಚಿ ಅಂಗಡಿಯ ಸ್ಟೋ ಆರಿತ್ತು. ಮೊದಲ ಬಳೆ ಇಟ್ಟುಕೊಂಡ ದಿನ ಬಳೆಗಾರ ಚಾಚಾ ಬುಟ್ಟಿಯ ಸಮೇತ ಹಳ್ಳಕ್ಕೆ ಬಿದ್ದಿದ್ದ.

“ನಾಳಿತನಕ ತಡಿಯವಾ. ಅಜ್ಜಾರಿಗೆ ಏನರ ಆದೀತು,” ಎಂದ ಅಪ್ಪ.

“ಅಜ್ಜಾರಿಗೆ ಏನೂ ಆಗೂದಿಲ್ಲಪ್ಪಾ. ಆಗಿದ್ದು ನನಗ!”

ಅಕ್ಕ ಎದ್ದು ನಡೆದೇಬಿಟ್ಟಳು. ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ನಾನು, ನನ್ನ ಹಿಂದೆ ಇಡೀ ಊರು ಮತ್ತು ಎರಡು ನಾಯಿ. ದವಾಖಾನೆಯ ಬಾಗಿಲಿಗೆ ಬಳೆಗಾರ ಚಾಚಾ ಅಡ್ಡ ನಿಂತ. ಗದ್ದಲ ಕೇಳಿ ಡಾಕ್ಟರಬಾಯಿ ಹೊರಗೆ ಬಂದರು.

“ಈಕಿನ್ನ ಮೊದಲ ಒಳಗ ಕರೀಬ್ಯಾಡ್ರಿ ಬಾಯಾರ,” ಎಂದ ಚಾಚಾ. “ಈಕಿ ಕೈ ಚಲೋ ಇಲ್ರಿ.”

ಡಾಕ್ಟರಬಾಯಿ ಅಕ್ಕನ ಕೈ ಹಿಡಿದು ನೋಡಿದರು. “ಖರೇ ಐತಿ. ಭಾಳ ಕೆಟ್ಟೇತಿ. ಅದಕ್ಕ ಲಗೂ ಒಳಗ ಬಾರವಾ.”

ಚಾಚಾ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೀವು ತೆಗೆಯುವಾಗ ಅಕ್ಕ ಕೂಗಿದ ಕೂಗು ಗಜೇಂದ್ರಗಡದ ಗುಡ್ಡಕ್ಕೆ ಬಡಿದು ವಾಪಸು ಬಂತು. ಅದನ್ನು ಕೇಳಿ ಗೌಡಜ್ಜ ಓಡಿ ಬಂದ, ಬೋಗುಣಿಯಲ್ಲಿದ್ದ ರಕ್ತ ನೋಡಿದ, ಧೊಪ್ಪನೆ ಬಿದ್ದ. ದವಾಖಾನೆಯ ಪುಸ್ತಕದಲ್ಲಿ ಎರಡನೇ ಹೆಸರು ಅವನದೇ. ಅವನು ಕಣ್ಣು ಬಿಡುವಷ್ಟರಲ್ಲಿ ಕೆಮ್ಮುವವರು, ಕುಂಟುವವರು ಎಲ್ಲ ಸಾಲು ಹಚ್ಚಿದ್ದರು.

ಹದಿನೈದು ದಿನಕ್ಕೆ ನಮ್ಮ ರಾಟೆ ತಿರುಗಿತು, ಮಗ್ಗ ಮತ್ತೆ ಖಟಖಟ ಎಂದಿತು. ಒಂದು ಬೆಳಿಗ್ಗೆ ಚಾಚಾ ನಮ್ಮ ಹೊಸ್ತಿಲ ಮುಂದೆ ಬುಟ್ಟಿ ಇಳಿಸಿ, “ಬೇಟಿ, ಇವತ್ತಿನ ಬೋಣಿಗಿ ನಿನ್ನ ಕೈಲೇ ಆಗ್ಲಿ,” ಎಂದ. ಆದರೂ ಆ ದಿನ ಅವನು ಹಳ್ಳ ದಾಟಲಿಲ್ಲ, ಸುತ್ತು ಹಾಕಿ ಹೋದ.

ಈಗ ನಿಮ್ಮದು ನೋಡಿ. ಮೂಗು ಸೋರಿದರೆ ಸಾಕು, ಕಿತ್ತಳೆ ರುಚಿಯ ಔಷಧದ ಆಸೆಗೆ ದವಾಖಾನೆಗೆ ಓಡುತ್ತೀರಿ. ಬಾಗಿಲು ತೆರೆಯುವ ಮೊದಲೇ “ನಾ ಮೊದಲ, ನಾ ಮೊದಲ” ಎಂದು ಒಬ್ಬರನ್ನೊಬ್ಬರು ತಳ್ಳುತ್ತೀರಿ. ತಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಆ ಮೊದಲ ಜಾಗ ಒಂದು ವಾರ ಖಾಲಿ ಇತ್ತು. ಅಕ್ಕ ನಿಮ್ಮ ತಲೆಗೆ ಎಣ್ಣೆ ಹಚ್ಚುವಾಗ ಅವಳ ಅಂಗೈಯಲ್ಲಿ ಏನೋ ಒರಟಾಗಿ ತಾಗುತ್ತದಲ್ಲ, ಆ ಜಾಗದಲ್ಲಿ ಮೊದಲು ನಿಂತ ಗುರುತು ಅದು.